ದೊಡ್ಡಪ್ಪನ ಪದದ ನಡುವೆ ನನ್ನ ದನಿ

ಕ್ಯಾಮೆರಾ ಹಿಡಿದವನು ವಿಡಿಯೊದಲ್ಲಿ ಬರುವುದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಮುಖವೇನೋ ಬರುವುದಿಲ್ಲ. ದನಿ ಮಾತ್ರ ಎಲ್ಲರಿಗಿಂತ ಜೋರಾಗಿ ಬರುತ್ತದೆ. ಕ್ಯಾಮೆರಾದ ಕಿವಿ ಇರುವುದು ಅವನ ಬಾಯಿಯ ಪಕ್ಕದಲ್ಲೇ ಅಲ್ಲವೇ.

ಯಗಟಿಯ ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ದೊಡ್ಡಮ್ಮ ಬಸ್ಸು ಹತ್ತಿ ಕಡೂರಿನ ನಮ್ಮ ಮನೆಗೆ ಬಂದರು. "ನಿನ್ ತಂಗಿ ಮದ್ವೇಲಿ ಅವ್ರು ಪದ ಹೇಳಿದ್ರಲ್ಲ, ನೀನು ವಿಡಿಯೊ ಹಿಡ್ದಿದ್ದೆ. ಅದ್ನ ನಮ್ಮನೆ ಟೀವೀಲಿ ನೋಡೋ ಹಂಗೆ ಮಾಡ್ಕೊಡಪ್ಪ" ಎಂದರು. ಅವರಲ್ಲಿರುವುದು ಹಳೆಯ ಡಿವಿಡಿ ಪ್ಲೇಯರ್. "ಅದೇನ್ ಮಹಾ, ನಾಳೆ ಕೊಡ್ತೀನಿ" ಎಂದೆ. ನನ್ನಂಥ ಮೇಷ್ಟರ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಸುಲಭಕ್ಕೆ ಹೊರಡುವುದಿಲ್ಲ.

ನಾಳೆ ಎಂದದ್ದು ಹತ್ತು ದಿನವಾಯಿತು. ಪುಟ್ಟ ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿ, ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಡಿವಿಡಿಗೆ ಒಗ್ಗುವಂತೆ ಬದಲಾಯಿಸಬೇಕು. ಮೊದಲ ಸಲ ಮದುಮಗನಿಂದ ಹಿಡಿದು ಅಡುಗೆಯವನವರೆಗೆ ಎಲ್ಲರೂ ಪರದೆಯ ಮೇಲೆ ಅಡ್ಡಡ್ಡ ಊದಿಕೊಂಡರು. ಎರಡನೆಯ ಸಲ ತುಟಿ ಮೊದಲು ಆಡಿ ಮಾತು ಹಿಂದಿನಿಂದ ಬಂತು. ಮೂರನೆಯ ಸಲ ಸರಿಹೋಯಿತು. ಹೆಮ್ಮೆಯಿಂದ ಹೆಡ್‌ಫೋನು ಹಾಕಿಕೊಂಡು ಕೂತೆ.

ತಂಗಿಯ ಮದುವೆ ನಡೆದ ಅಜ್ಜಂಪುರದ ಛತ್ರ. ದೊಡ್ಡಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದಾರೆ. ನಡುವೆ ಒಬ್ಬ, "ಈ ಮುದುಕಂಗೆ ಯಾರೋ ಮೈಕ್ ಕೊಟ್ಟಿದ್ದು? ಊಟಕ್ಕೆ ಕೂತವ್ರು ಎದ್ದೋಗ್ತಾರೆ ಕಣೋ" ಎಂದು ಪಕ್ಕದವನಿಗೆ ಹೇಳಿ ನಗುತ್ತಾನೆ. ಆ ದನಿ ನನ್ನದು. ಹೈಸ್ಕೂಲಿನ ಮೂರು ವರ್ಷ ನನ್ನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ್ದು ಆ ಮುದುಕನೇ.

ಮಾತನ್ನು ಅಳಿಸಲು ಹೋದರೆ ಅದರೊಡನೆ ಪದವೂ ಅಳಿಸಿಹೋಗುತ್ತಿತ್ತು. ಕೊನೆಗೆ ಪದದ ಆ ಸಾಲನ್ನೇ ಕತ್ತರಿಸಿ ಡಿವಿಡಿ ಮಾಡಿ ಯಗಟಿಗೆ ಒಯ್ದೆ.

ದೊಡ್ಡಮ್ಮ ಕದಲದೆ ನೋಡಿದರು. ಮುಗಿದ ಮೇಲೆ, "ಒಂದ್ ಸಾಲು ಬಿಟ್ಟೋಗಿದೆಯಲ್ಲಪ್ಪ" ಎಂದರು. ಟೇಪು ಕೆಟ್ಟಿತ್ತು ಎನ್ನಲು ಬಾಯಿ ತೆರೆದವನು ಅವರ ಮುಖ ನೋಡಿ ನಿಜ ಹೇಳಿಬಿಟ್ಟೆ.

"ಅವತ್ತೇ ಕೇಳಿಸ್ತು ಕಣೋ. ನಿನ್ ಹಿಂದೇನೇ ನಿಂತಿದ್ದೆ" ಎಂದರು. "ಅವ್ರಿಗೆ ಹೇಳ್ಲಿಲ್ಲ. ನಮ್ ಹುಡ್ಗ ನನ್ ಪದ ಹಿಡ್ಕೊಂಡವ್ನೆ ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತಿದ್ರು. ಆ ಸಾಲು ಹಾಕ್ಕೊಡು. ನಿನ್ ಮಾತು ಇದ್ರೆ ಇರ್ಲಿ."

ಏನನ್ನೂ ಕತ್ತರಿಸದೆ ಇನ್ನೊಂದು ಮಾಡಿಕೊಟ್ಟೆ. ಈಗ ನಾನು ಹೋದಾಗಲೆಲ್ಲ ದೊಡ್ಡಮ್ಮ ಅದನ್ನು ಹಾಕುತ್ತಾರೆ. ಆ ಸಾಲು ಬಂದಾಗ ದೊಡ್ಡಪ್ಪನ ಜೊತೆ ತಾವೂ ಗಟ್ಟಿಯಾಗಿ ಹಾಡುತ್ತಾರೆ; ಆ ಗಟ್ಟಿ ದನಿಯಲ್ಲಿ ನನ್ನ ಮಾತು ಮುಚ್ಚಿಹೋಗುತ್ತದೆ. ಬೇಕೆಂದೇ ಹಾಗೆ ಮಾಡುತ್ತಾರೋ, ಪದ ತಾನಾಗಿ ಬಾಯಿಗೆ ಬರುತ್ತದೋ, ಕೇಳಲು ನನಗೆ ಮುಖವಿಲ್ಲ.