ಅವ್ವನ ಅಪ್ಪಣೆ ಕೇಳಿದ ಮೇಷ್ಟ್ರು

ಹಣೆಯ ಅಂಗಾರದ ಕರಿಗೆರೆ ಬೆವರಿಗೆ ಕರಗಿ ಮೂಗಿನ ತುದಿಯವರೆಗೆ ಇಳಿದಿತ್ತು. ಶಲ್ಯದಿಂದ ಒರೆಸಲು ಹೋಗಿ ಮುಖವೆಲ್ಲ ಮಸಿ ಮಾಡಿಕೊಂಡು ಅವರು ಸಿರುಗುಪ್ಪದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನಾನು ನಕ್ಕುಬಿಟ್ಟೆ. ಅವರು ಬಳ್ಳಾರಿಯ ಕಾಲೇಜಿನಲ್ಲಿ ಕನ್ನಡ ಹೇಳುವ ಮೇಷ್ಟ್ರು.

ಊರ ಸಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನ ಅಪ್ಪ ಒಂದು ವ್ಯಾಕರಣದ ಪುಸ್ತಕ ಬರೆದು, ಅಚ್ಚು ಹಾಕಿಸಿ, ಮರುವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದರು. ಈಗ ಮೇಷ್ಟ್ರ ಹತ್ತಿರವಿದ್ದ ಒಂದು ಹಳೆಯ ಪ್ರತಿ ಬಿಟ್ಟರೆ ಅದು ಎಲ್ಲೂ ಸಿಗುತ್ತಿರಲಿಲ್ಲ. ತಮ್ಮ ವಿದ್ಯಾರ್ಥಿಗಳಿಗಾಗಿ ಅದನ್ನು ಮತ್ತೆ ಅಚ್ಚು ಹಾಕಿಸಲು ಮೇಷ್ಟ್ರು ಒಪ್ಪಿಗೆ ಕೇಳಿ ಬಂದಿದ್ದರು.

"ಅದಕ್ಕೇನ್ರಿ, ನಾ ಬರಕೊಡ್ತೀನಿ," ಅಂದರು ಮನೆಯ ಯಜಮಾನಿಕೆ ನಡೆಸುತ್ತಿದ್ದ ದೊಡ್ಡಪ್ಪ.

"ಬರೆದವರು ಹೋದಮ್ಯಾಲೆ ಹಕ್ಕು ಅವರ ಹೆಂಡ್ತಿ ಮಕ್ಕಳದು ಐತ್ರಿ. ಕಾಯಿದೆನೂ ಹಂಗ ಹೇಳ್ತೈತಿ. ತಾಯಿಯವರನ್ನ ಕೇಳಬೇಕು," ಅಂದರು ಮೇಷ್ಟ್ರು.

ಅಪ್ಪ ಹೋದಮೇಲೆ ಆ ಮನೆಯಲ್ಲಿ ಅವ್ವನನ್ನು ಯಾರೂ ಏನೂ ಕೇಳಿದ್ದಿಲ್ಲ. ಬಾಗಿಲ ಹಿಂದಿನಿಂದ ಅವಳ ದನಿ ಬಂತು: "ಹಿಂದ ಒಬ್ಬರು ಹಿಂಗ ಬಂದು ಅವರು ಬರೆದಿಟ್ಟಿದ್ದ ಹಾಳಿ ಒಯ್ದು, ನಮ್ಮ ಮನಿಯವರ ಹೆಸರು ತೆಗೆದು ತಮ್ಮ ಹೆಸರು ಹಾಕ್ಕೊಂಡ್ರು. ನಾ ಒಪ್ಪಿಗಿ ಕೊಡಂಗಿಲ್ರಿ."

ದೊಡ್ಡಪ್ಪ ರೇಗಿದರು. ಮೇಷ್ಟ್ರು ಮಾತ್ರ ಕೈಮುಗಿದು, "ಆತ್ರಿ ತಾಯಿ," ಎಂದು ಗಾಡಿ ಹತ್ತಿದರು.

ಮುಂದಿನದನ್ನು ನಾನು ಅವರ ಶಿಷ್ಯರಿಂದ ಕೇಳಿದ್ದು. ಪರೀಕ್ಷೆ ಹತ್ತಿರ ಬರುತ್ತಿತ್ತು. "ಸಿರುಗುಪ್ಪದ ಹೆಣ್ಮಗಳು ಮದರಾಸಿನ ಕೋರ್ಟಿಗೆ ಹೋಗ್ತಾಳೇನ್ರಿ? ಹಾಕಿಸಿಬಿಡ್ರಿ," ಎಂದು ಬಳ್ಳಾರಿಯ ಬ್ರೂಸ್‌ಪೇಟೆಯ ಛಾಪಖಾನೆಯವನು ನಕ್ಕನಂತೆ. ಮೇಷ್ಟ್ರಿಗೆ ಸಿಟ್ಟು ಬಂದರೆ ಬಾಯಿಂದ ತೆಲುಗೇ ಬರುತ್ತಿತ್ತು. ಅವತ್ತು ಛಾಪಖಾನೆಯ ಆಳುಗಳೆಲ್ಲ ಕೆಲಸ ಬಿಟ್ಟು ಅವರ ತೆಲುಗು ಬೈಗುಳ ಕೇಳಿದರಂತೆ.

ದಸರೆ ಕಳೆದಮೇಲೆ ಅವರು ಮತ್ತೆ ಬಂದರು. ಕೈಯಲ್ಲಿ ಒಂದೇ ಒಂದು ಅಚ್ಚಾದ ಹಾಳೆ.

"ಮೊದಲ್ನೇ ಪುಟ ಹೆಂಗಿರ್ತೈತಿ ಅಂತ ತೋರ್ಸಾಕ ಬಂದೀನ್ರಿ. ನೀವು ಬ್ಯಾಡ ಅಂದ್ರ ಇಷ್ಟಕ್ಕ ನಿಲ್ಲಿಸ್ತೀನಿ."

ಅವ್ವನಿಗೆ ಓದು ಬರುತ್ತಿರಲಿಲ್ಲ. ಹಾಳೆಯನ್ನು ನನ್ನ ಕೈಗಿಟ್ಟಳು. ಅಪ್ಪ ನನಗೆ ಅಕ್ಷರ ಕಲಿಸಿದ್ದರು. ಅವರು ಹೋದಮೇಲೆ ದೊಡ್ಡಪ್ಪ ಓದು ಬಿಡಿಸಿದ್ದರು. ತಡವರಿಸುತ್ತ ಓದಿದೆ. ನಡುವೆ ದಪ್ಪ ಅಕ್ಷರದಲ್ಲಿ ಅಪ್ಪನ ಹೆಸರಿತ್ತು.

"ಇನ್ನೊಮ್ಮೆ ಓದವ್ವ," ಅಂದಳು ಅವ್ವ. ಓದಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಕಸ್ರಿ ಮೇಷ್ಟ್ರ," ಅಂದಳು.

ಅವರು ಏಳಲಿಲ್ಲ. "ಇನ್ನೊಂದು ಅಪ್ಪಣೆ ಬೇಕಿತ್ರಿ ತಾಯಿ. ಈ ಹುಡುಗಿ ಓದ್ಲಿ."

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ಓದ್ಲಿ."

ಆಮೇಲೆ ಬಳ್ಳಾರಿಯಿಂದ ಬರುವ ಗಾಡಿಗಳಲ್ಲಿ ನನಗೆ ಪುಸ್ತಕಗಳು ಬರತೊಡಗಿದವು. ಪ್ಲೇಗು ಬಂದ ವರ್ಷ ಮೇಷ್ಟ್ರು ತೀರಿಕೊಂಡರು. ಆ ಹೊತ್ತಿಗೆ ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುತ್ತಿದ್ದೆ.

ಮೊನ್ನೆ ನನ್ನ ಸಾಲೆಯ ಹುಡುಗಿಯರಿಗಾಗಿ ಒಂದು ಕಥೆಗಳ ಪುಸ್ತಕ ಮಾಡಲು ಹೊರಟು ಬಾದನಹಟ್ಟಿಗೆ ಹೋಗಿದ್ದೆ. ಅಲ್ಲಿಯ ಮುದುಕಿಯೊಬ್ಬಳು ಹೇಳುವ ಕಥೆಗಳು ಸುತ್ತಲ ಊರಿಗೆಲ್ಲ ಗೊತ್ತು.

"ನೀವು ಹೂಂ ಅಂದ್ರ ಹಾಕಸ್ತೀನಿ, ಇಲ್ಲಂದ್ರ ಇಲ್ಲ," ಅಂದೆ.

"ನನ್ನ ಕಥಿಗೂ ಅಪ್ಪಣೆ ಕೇಳ್ತಾರೇನವ್ವ?"

"ಕೇಳಬೇಕು ಅಂತ ನಮ್ಮ ಮೇಷ್ಟ್ರು ಕಲಿಸ್ಯಾರಜ್ಜಿ."

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಹಂಗಾರ ಕುಂದ್ರು. ಮೊದಲಿಂದ ಚೆಂದಾಗಿ ಹೇಳ್ತೀನಿ."