ಕಾರಿನೊಳಗೆ ಯಾರೋ ಇದ್ದಾರೆ

ನನ್ನ ಸೋದರಮಾವ ಕೊಂಡ ಜರ್ಮನಿಯ ಕಾರು ಯಾರ್ಯಾರದೋ ಕೈ ದಾಟಿ, ಮುಪ್ಪಿನ ಕಾಲಕ್ಕೆ ನಮ್ಮೂರು ತೆಲಿಗಿಗೆ ಬಂದದ್ದು. ಸೀಟು ತೊಗಲಿನವು, ಬಾಗಿಲು ಹಾಕಿದರೆ ಸಂದೂಕ ಮುಚ್ಚಿದಂಥ ಸದ್ದು. ತೊಂದರೆ ಒಂದೇ. ಸಂಜೆ ನಿಲ್ಲಿಸಿದರೆ ಬೆಳಿಗ್ಗೆ ಏಳುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕತೆ. ಕೀಲಿ ತಿರುವಿದರೆ ಟಕ್ ಟಕ್ ಟಕ್. ಆಟೋಮ್ಯಾಟಿಕ್ ಗೇರಾದ್ದರಿಂದ ದಬ್ಬಿ ಎಬ್ಬಿಸುವಂತೆಯೂ ಇಲ್ಲ. ಪಕ್ಕದ ಮನೆಯ ಟ್ರ್ಯಾಕ್ಟರ್ ತಂದು, ಅದರ ಬ್ಯಾಟರಿಯಿಂದ ವೈರು ಕೊಡಬೇಕು.

ನನಗಂತೂ ಅದು ಹಬ್ಬ. ನಾನು ಮಿಮಿಕ್ರಿ ಮಾಡುವವನು. ಕೇಳಿದವರಿಗೆ ಕಲಾವಿದ ಎನ್ನುತ್ತೇನೆ. ಅವ್ವನನ್ನು ಕೇಳಿದರೆ "ಖಾಲಿ ಅದಾನ್ರಿ" ಎನ್ನುತ್ತಾಳೆ. ಕಟ್ಟೆಯ ಮೇಲೆ ಕೂತು ಕಾರಿನ ಟಕ್ ಟಕ್, ಮಾವನ ಬೈಗುಳ, ಟ್ರ್ಯಾಕ್ಟರಿನ ಡಗ ಡಗ, ವೈರು ಹಿಡಿದು ಹೆದರಿ ಕುಣಿಯುವ ನನ್ನ ಅವತಾರ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ಅಕ್ಕನಿಗೆ ಹರಪನಹಳ್ಳಿಯ ವರ ಗೊತ್ತಾದ. ನಿಶ್ಚಿತಾರ್ಥದ ಊಟದಲ್ಲಿ ಮಾವ ಎದ್ದು ನಿಂತು, "ನನ್ನ ಸೊಸಿ ಮಂಟಪಕ್ಕ ನನ್ನ ಕಾರಿನ್ಯಾಗ ಬರ್ತಾಳ" ಎಂದರು. ನನ್ನ ಪ್ರದರ್ಶನದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ವರನ ಸೋದರತ್ತೆಯೊಬ್ಬರು ಕೇಳಿದರು:

"ಹಂಗಂದ್ರ ಹಿಂದ ಟ್ರ್ಯಾಕ್ಟರೂ ಬರ್ತೈತೇನ್ರಿ?"

ಪಂಕ್ತಿಯೆಲ್ಲ ನಕ್ಕಿತು. ಮಾವ ಎಲೆಯ ಮೇಲಿನ ಹೋಳಿಗೆ ಮುಟ್ಟಲಿಲ್ಲ. ಮನೆಗೆ ಬಂದ ಮೇಲೆ ನನಗೆ, "ನಗಸ್ಲೇ, ಎಲ್ಲಾರನ್ನೂ ನಗಸು. ಅವತ್ತು ಕಾರು ಏಳ್ಲಿಲ್ಲಂದ್ರ ನಾ ಮಂಟಪಕ್ಕ ಬರಾದಿಲ್ಲ" ಎಂದರು. ಅವರ ದನಿಯನ್ನು ಎಷ್ಟು ಸಲ ಅಣಕಿಸಿದ್ದೇನೋ. ಈ ದನಿ ನನ್ನ ಪಟ್ಟಿಯಲ್ಲಿರಲಿಲ್ಲ.

ಹರಪನಹಳ್ಳಿಯ ಕಾರ್ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದೆ. ಟಕ್ ಟಕ್ ಮಾಡಿ ಕೇಳಿಸಿದೆ.

"ಅದಿರ್ಲಿ. ಲಾಕ್ ಮಾಡಿ ಒಂದು ತಾಸಾದ ಮ್ಯಾಲೆ ಹೆಂಗಂತೈತಿ, ಅದನ್ನ ಮಾಡು."

ತಾಸು ಬಿಟ್ಟು ಕಾರಿಗೆ ಕಿವಿ ಹಚ್ಚಿದೆ. ಒಳಗೆ ಸಣ್ಣಗೆ, ಸೊಳ್ಳೆಯಂಥ ಸದ್ದು. ಮತ್ತೆ ಫೋನ್ ಮಾಡಿ, ಮೂಗಿನಲ್ಲಿ ಗುಂಯ್ ಎಂದು ಕೇಳಿಸಿದೆ.

"ಅದು ಮಲಗೇ ಇಲ್ಲಪ್ಪ. ಬರ್ತೀನಿ ತಡಿ."

ಬಂದವರು ಡ್ಯಾಶ್‌ಬೋರ್ಡ್ ಬಿಚ್ಚಿ, ಒಂದು ಕೆಂಪು ವೈರನ್ನು ಬೆರಳಿನಿಂದ ಹಿಂಬಾಲಿಸಿ, ಮನೆದೇವತೆ ಅಮ್ಮನ ಫೋಟೋ ಮುಂದಿನ ಪುಟ್ಟ ದೀಪದ ಹತ್ತಿರ ನಿಂತರು. ಕಾರು ಬಂದ ದಿನ ಅಜ್ಜಿಯೇ ಇಡಿಸಿದ ದೀಪ. ಅಮ್ಮನ ಮುಂದಿನ ದೀಪ ಆರಬಾರದೆಂದು, ಪಂಪ್‌ಸೆಟ್ ರಿಪೇರಿಯವನನ್ನು ಕರೆಸಿ, ಕೀಲಿ ತೆಗೆದರೂ ಉರಿಯುವಂತೆ ಮಾವ ಕಟ್ಟಿಸಿದ್ದರು.

"ದೀಪ ಎಷ್ಟು ಕರೆಂಟ್ ತಿಂದೀತು? ಆದ್ರ ಇದನ್ನ ಬಾಗ್ಲ ತೆಗೆದ್ರ ಹತ್ತೋ ಲೈಟಿನ ವೈರಿಗೆ ಕಟ್ಯಾರ. ಒಳಗ ಯಾರೋ ಅದಾರ ಅಂತ ತಿಳ್ಕೊಂಡು ಕಾರು ಎಚ್ಚರಾನ ಇರ್ತೈತಿ. ಅದರಾಗಿನ ಕಂಪ್ಯೂಟ್ರು ಎಲ್ಲಾ ಬ್ಯಾಟ್ರಿ ತಿಂತಾವ."

ಅಜ್ಜಿಗೆ ಸಿಟ್ಟು ಬಂತು. "ಯಾರೋ ಅಂದ್ರ ಯಾರು? ಅಮ್ಮ ಅದಾಳಲ್ಲ ಒಳಗ! ಕಾರಿಗೆ ಇರೋ ಬುದ್ಧಿ ನಿಮಗಿಲ್ಲೇನು?"

ಎಲೆಕ್ಟ್ರಿಷಿಯನ್ ಕೈಯಲ್ಲಿ ಕಟಿಂಗ್ ಪ್ಲೈಯರ್ ಹಿಡಿದು ಮಾವನ ಮುಖ ನೋಡಿದರು. ಮಾವ ತಮ್ಮ ತಾಯಿಯ ಮುಖ ನೋಡಿದರು. ಅಜ್ಜಿ ಮಗನನ್ನೇ ದಿಟ್ಟಿಸಿ, ಸೆರಗಿನಿಂದ ಫೋಟೋ ಒರೆಸಿದಳು.

"ಕಾರು ನಿಂತಾಗ ಅಮ್ಮನ್ನ ಇಳಿಸ್ಕೊಂಡು ಜಗಲಿ ಮ್ಯಾಲೆ ಇಡ್ರಿ. ಹೊರಡುವಾಗ ಕರಕೊಂಡು ಹೋಗ್ರಿ. ಕತ್ತಲದಾಗ ಒಬ್ಬಾಕಿನ್ನ ಬಿಡಂಗಿಲ್ಲ ಮತ್ತ."

"ದಿನಾ ಯಾರು ಇಳಿಸ್ಬೇಕಬೇ?" ಎಂದರು ಮಾವ.

"ಇವನು ಖಾಲಿ ಅದಾನಲ್ಲ!"

ದೀಪ ಕೀಲಿ ತಿರುವಿದರೆ ಮಾತ್ರ ಉರಿಯುವಂತಾಯಿತು. ಅಮ್ಮನನ್ನು ಹತ್ತಿಸಿ ಇಳಿಸುವ ಕೆಲಸ ನನಗಾಯಿತು.

ಮದುವೆಯ ಬೆಳಿಗ್ಗೆ ಅಕ್ಕ ಹಿಂದೆ ಕೂತಳು, ನಾನು ಮುಂದೆ. ಟ್ರ್ಯಾಕ್ಟರಿನವನೂ ಬಂದು ನಿಂತಿದ್ದ, ಕುತೂಹಲಕ್ಕೆ. ಮಾವ ಕಣ್ಣು ಮುಚ್ಚಿ ಕೀಲಿ ತಿರುವಿದರು. ಕಾರು ಒಂದೇ ಸಲಕ್ಕೆ ಎದ್ದಿತು.

"ಮಾಡ್ಲೇ ಈಗ ಟಕ್ ಟಕ್ ಅಂತ!" ಎಂದರು ಮಾವ, ನನ್ನ ಕಡೆ ತಿರುಗಿ.

ಅಮ್ಮನ ಫೋಟೋ ನೆಟ್ಟಗೆ ಮಾಡುತ್ತಾ, ನೆಗಡಿ ಎಂದೆ.

ಮಂಟಪದ ಮುಂದೆ ಆರತಿ ತಟ್ಟೆ ಹಿಡಿದು ಅದೇ ಅತ್ತೆ ಕಾದಿದ್ದರು. ಕಾರು ನಿಂತಿತು, ರೂಢಿಯಂತೆ ಫೋಟೋ ಎತ್ತಿಕೊಂಡು ನಾನೇ ಮೊದಲು ಇಳಿದೆ. ಅವರು ದೇವರನ್ನು ನೋಡಿ ಬೆಳಗಿದರೋ, ಗಡಿಬಿಡಿಯಲ್ಲಿ ಬೆಳಗಿದರೋ, ಆರತಿ ನನಗೇ ಆಯಿತು. ಅವರು ರಸ್ತೆಯ ಕಡೆ ಕತ್ತು ಚಾಚಿ ಟ್ರ್ಯಾಕ್ಟರ್ ಹುಡುಕಿದರು. ಮಾವ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು, "ಊಟಕ್ಕ ಹೋಳಿಗಿ ಅದಾವೇನ್ರಿ?" ಎಂದು ಕೇಳುತ್ತಾ ಒಳಗೆ ನಡೆದರು.