ಮಿಲ್ಟ್ರಿ ಮಾವ ಊದಿದ ವಿಭೂತಿ

ಎದುರುಮನೆಯ ಮಿಲ್ಟ್ರಿ ಮಾವ ಮಾತಾಡುವವರತ್ತ ಮುಖ ತಿರುಗಿಸುತ್ತಿರಲಿಲ್ಲ, ಕಿವಿ ತಿರುಗಿಸುತ್ತಿದ್ದರು. ಬಲಗಿವಿ ಎಂದು ನನ್ನ ನೆನಪು. ಎಡಗಿವಿ ಎನ್ನುತ್ತಾಳೆ ಅಮ್ಮ. ಇನ್ನೊಂದನ್ನು ಫಿರಂಗಿ ದಳದ ನೌಕರಿ ತಿಂದುಹಾಕಿತ್ತು. ಇಷ್ಟರಲ್ಲೇ ತಪ್ಪುವ ನಾನು ಮುಂದಿನದನ್ನು ಎಷ್ಟು ಸರಿಯಾಗಿ ಬರೆದೇನೋ ತಿಳಿಯದು.

ನಂಜನಗೂಡಿನ ನಮ್ಮ ಬೀದಿಯಲ್ಲಿ ತರಕಾರಿ ಗಾಡಿ ನಿಂತರೆ ಅವರು ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಬದನೆಕಾಯಿಯನ್ನೂ ಬಗ್ಗಿ ನೋಡುತ್ತಿದ್ದರು. "ಕಣ್ಣಲ್ಲೇ ತೂಕ ಆಕ್ತೀರಾ ಸಾ?" ಎಂದು ಗಾಡಿಯವಳು ಕೆಣಕಿದರೆ, "ಮೊದ್ಲು ನೋಡ್ಬೇಕು ಕಣವ್ವ, ಆಮೇಲೆ ಮುಟ್ಬೇಕು" ಎನ್ನುವರು. ನನಗೆ ಲೆಕ್ಕ ಹೇಳಿಕೊಡುವಾಗಲೂ ಅದೇ ಮಾತು.

ನಮ್ಮ ಮನೆಯಲ್ಲೊಂದು ಕಬ್ಬಿಣದ ಗುಂಡಿತ್ತು. ಗೇಣಿಗಿಂತ ಉದ್ದ, ಹಿತ್ತಾಳೆಯ ಚೂಪು ಮೂತಿ. ಅಜ್ಜಿಯ ತವರು ತಿ. ನರಸೀಪುರದಿಂದ ಬಂದದ್ದು. ಅದರಲ್ಲಿ ಹಸುವಿನ ಗೂಟ ಹೊಡೆಯುತ್ತಿದ್ದೆವು. ಆಯುಧಪೂಜೆಗೆ ಅಜ್ಜಿ ಅದಕ್ಕೆ ದಪ್ಪಗೆ ವಿಭೂತಿ ಬಳಿಯುತ್ತಿದ್ದಳು.

ಒಂದು ವರ್ಷ, ಹಬ್ಬದ ಮಾರನೆಯ ದಿನ, ಮೂತಿ ಕೊಯ್ಯಿಸಿದರೆ ಒಳ್ಳೆಯ ಸುತ್ತಿಗೆಯಾಗುತ್ತದೆಂದು ಅಪ್ಪ ಅದನ್ನು ತಾಂಡವಪುರದ ವೆಲ್ಡಿಂಗ್ ಅಂಗಡಿಗೆ ಒಯ್ಯಲು ಹೊರಟರು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ನಾನು, ನನ್ನ ಮಡಿಲಲ್ಲಿ ಗುಂಡು.

ಮಾವ ಅಡ್ಡ ನಿಂತರು. ಗುಂಡನ್ನು ಮುಟ್ಟಲಿಲ್ಲ, ಬಗ್ಗಿ ವಿಭೂತಿಯನ್ನು ಊದಿದರು. ಬುಡದ ಹತ್ತಿರ ತಾಮ್ರದ ಪಟ್ಟಿ ಕಂಡಿತು, ಅದರ ಸುತ್ತ ಓರೆ ಗೀರುಗಳು.

"ಅಲ್ಲಾಡ್ಬೇಡ ಮಗಾ" ಎಂದರು ನನಗೆ. ಆಮೇಲೆ ಅಪ್ಪನಿಗೆ: "ಫಿರಂಗಿ ಶೆಲ್ ಕಣ್ರೀ ಇದು. ಗೀರು ನೋಡಿ, ಫಿರಂಗಿ ನಳಿಗೆ ಒಳಗಿಂದ ಚಿಮ್ಮಿ ಬಂದದೆ. ಸಿಡಿದಿಲ್ಲ, ಅಷ್ಟೆ."

"ನಮ್ಮವ್ವನ ಕಾಲದಿಂದ ಗೂಟ ಒಡ್ದಿದೀವಿ, ಏನಾಯ್ತು?"

"ಆಗ್ನಿಲ್ಲ ಅಂತ್ಲೇ ಬದುಕಿ ಜಗಳಕ್ಕೆ ನಿಂತಿದೀರಿ."

ಮಲಗಿದ ಮಗುವನ್ನು ಎತ್ತುವಂತೆ ಅವರೇ ಅದನ್ನೆತ್ತಿ ಬೀದಿಬದಿಯ ಮರಳಿನ ಗುಡ್ಡೆಯ ಮೇಲಿಟ್ಟರು. ಬೀದಿಯವರನ್ನೆಲ್ಲ ದೂರ ಕಳಿಸಿ, ಮೈಸೂರಿನಿಂದ ಬಾಂಬ್ ದಳ ಬರುವವರೆಗೆ ಬೀದಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಒಳಗೆ ಮದ್ದು ಹಾಗೇ ಇದೆ ಎಂದರು ದಳದವರು. ಬಗ್ಗಿ ನೋಡುವ ಮಾವನ ಆ ಚಾಳಿಗೆ ನಾನು ಇವತ್ತಿಗೂ ಋಣಿ.

ಹೋದ ವರ್ಷ ಮಾವ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟ ಅಪ್ಪ ದಾರಿಯುದ್ದಕ್ಕೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಗುಂಡು ಸ್ಕೂಟರಿನಲ್ಲಿ ತಮ್ಮ ಕಾಲ ಬಳಿ ಇತ್ತು ಎಂದೇ ಅಪ್ಪ ಎಲ್ಲರಿಗೂ ಹೇಳುತ್ತಾರೆ. ಇರಬಹುದು. ಆದರೆ ನನ್ನ ಲಂಗದ ಮೇಲೆ ಉದುರಿದ ವಿಭೂತಿ ನನಗೆ ನೆನಪಿದೆ. ಮಾವನ ವರ್ಷದ ತಿಥಿಯ ದಿನ ಕೇಳಿಯೇಬಿಟ್ಟೆ.

"ಅಪ್ಪಾಜಿ, ಮಾವ ಅದನ್ನ ಎತ್ಕೊಂಡಿದ್ದು ನನ್ನ ಮಡಿಲಿಂದ ತಾನೆ?"